ಸಂಘದ ವೆಬ್‌ಸೈಟ್: ಹುಡುಕಿದವರಿಗೆ ಸಿಗಬೇಕಾದರೆ

(ಬೆಳ್ಳಿಹಬ್ಬದ ಪ್ರಯುಕ್ತ ಏರ್ಪಡಿಸಿದ್ದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಹಚ್ಚಿದ ಸಹಕಾರದ ದೀಪದಿಂದ ಹತ್ತಿಕೊಂಡ ಸಾವಿರಾರು ದೀಪಗಳಲ್ಲಿ ನಮ್ಮ ಸಂಘವೂ ಒಂದು. ಇಪ್ಪತ್ತೈದು ವರ್ಷ ಅದು ಆರದೆ ಉರಿದಿದೆ ಅಂದರೆ ಅದು ಇಲ್ಲಿ ಕೂತಿರುವ ಹಿರಿಯರ ಪುಣ್ಯ. ನಡೆದುಬಂದ ದಾರಿಯನ್ನು ಅಧ್ಯಕ್ಷರು ಸವಿಸ್ತಾರವಾಗಿ ಹೇಳಿದ್ದಾರೆ. ನಮಗೆ ವಹಿಸಿರುವ ವಿಷಯ ಬೇರೆ. ಸಂಘದ ವೆಬ್‌ಸೈಟ್ ಬಗ್ಗೆ ಲೆಕ್ಕ ಒಪ್ಪಿಸಬೇಕು ಅಂತ ಅಪ್ಪಣೆ ಆಗಿದೆ. ನಾವೇನು ಕಂಪ್ಯೂಟರ್ ಓದಿದವರಲ್ಲ. ಎಡವಿ ಬಿದ್ದು ಕಲಿತದ್ದನ್ನೇ ಹೇಳ್ತೀವಿ.

ಹೋದ ವರ್ಷದ ಮಹಾಸಭೆ ತಮಗೆಲ್ಲ ನೆನಪಿರಬಹುದು. ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, "ಲೆಕ್ಕದಲ್ಲಿ ವೆಬ್‌ಸೈಟ್ ಬಾಬ್ತು ಅಂತ ಹದಿನೆಂಟು ಸಾವಿರ ಬರೆದಿದ್ದೀರಲ್ಲಪ್ಪಾ, ಅದರಿಂದ ಒಂದಚ್ಚು ಬೆಲ್ಲ ವ್ಯಾಪಾರ ಆಯ್ತಾ?" ಅಂತ ಕೇಳಿದರು. ಅಷ್ಟರಲ್ಲಿ ಅವರ ಮೊಮ್ಮಗ ಮೊಬೈಲಿನಲ್ಲಿ ನಮ್ಮ ಸಂಘದ ಹೆಸರು ಹೊಡೆದು ನೋಡಿದ. ಬಂದದ್ದು ಬೇರೆ ಜಿಲ್ಲೆಯ ಸಂಘ! ನಮ್ಮದೇ ಹೆಸರು, ಊರು ಬೇರೆ. ಸಭೆ ಗೊಳ್ಳೆಂದು ನಕ್ಕಿತು. ನಮಗೆ ತಲೆ ತಗ್ಗಿಸುವ ಹಾಗಾಯ್ತು. ವೆಬ್‌ಸೈಟನ್ನೇ ಮುಚ್ಚಿಬಿಡಿ ಅಂತ ಸೂಚನೆ ಬಂತು. ಆಡಳಿತ ಮಂಡಳಿಯವರು ಒಂದು ವರ್ಷ ಗಡುವು ಕೇಳಿ ತೆಗೆದುಕೊಂಡೆವು. ಆ ಗಡುವು ಇವತ್ತಿಗೆ ಮುಗಿದಿದೆ.

ಇದಕ್ಕೆ ಉತ್ತರ ನಮಗೆ ಸಿಕ್ಕಿದ್ದು ಗೋಕುಲಂನಲ್ಲಿ. ಮೈಸೂರಿನ ಒಂಟಿಕೊಪ್ಪಲಿನ ಪಕ್ಕದ ಈ ಬಡಾವಣೆಗೆ ವಾರಕ್ಕೆ ಎರಡು ದಿನ ಸಂಘದ ಗಾಡಿ ಎಳನೀರು, ತರಕಾರಿ, ಬೆಲ್ಲ, ಬಾಳೆಹಣ್ಣು ಹೇರಿಕೊಂಡು ಹೋಗುತ್ತೆ. ಅಲ್ಲಿ ಬೆಳಗಿನ ಹೊತ್ತು ಚಾಪೆ ಸುತ್ತಿ ಹೆಗಲಿಗೇರಿಸಿದ ವಿದೇಶಿಯರನ್ನು ಗಾಡಿಗೆ ಹೋದವರೆಲ್ಲ ಕಂಡಿದ್ದೀರಿ. ಕೆ. ಪಟ್ಟಾಭಿ ಜೋಯಿಸರು 1948ರಲ್ಲಿ ಮೈಸೂರಿನಲ್ಲಿ ಶುರು ಮಾಡಿದ ಅಷ್ಟಾಂಗ ಯೋಗದ ಶಾಲೆ, ಲಕ್ಷ್ಮೀಪುರಂನಿಂದ 2002ರಲ್ಲಿ ಗೋಕುಲಂಗೆ ಬಂತು. ಜೋಯಿಸರು 2009ರಲ್ಲಿ ತೀರಿಕೊಂಡರು. ಆದರೂ ಗೋಕುಲಂ ಅಂದರೆ ಯೋಗ ಅನ್ನುವ ಮಾತು ಪ್ರಪಂಚದಲ್ಲಿ ನಿಂತುಬಿಟ್ಟಿದೆ.

ನಮಗೆ ಆಶ್ಚರ್ಯ ಆದದ್ದು ಯೋಗಶಾಲೆಯ ವಿಷಯವಲ್ಲ. ಅಲ್ಲಿ ಒಂದು ಮನೆಯವರು ಮಹಡಿ ಮೇಲಿನ ಎರಡು ಕೋಣೆ ಬಾಡಿಗೆಗೆ ಕೊಡ್ತಾರೆ. ಬೀದಿಗೆ ಬೋರ್ಡೇ ಇಲ್ಲ. ಆದರೆ ಕೋಣೆ ಖಾಲಿ ಇದ್ದದ್ದನ್ನು ನಾವು ಕಂಡಿಲ್ಲ. "ಅಮ್ಮಾ, ಬ್ರೆಜಿಲ್‌ನವರಿಗೆ ನಿಮ್ಮ ಮನೆ ಹೇಗೆ ಗೊತ್ತಾಯ್ತು?" ಅಂತ ಕೇಳಿದೆವು. ಆಯಮ್ಮ ಎಳನೀರು ಆರಿಸ್ತಾ ಹೇಳಿದರು: "ಅವರು ಗೂಗಲ್‌ನಲ್ಲಿ ಏನಂತ ಕೇಳ್ತಾರೋ ಅದೇ ಮಾತನ್ನ ನಾವು ಬರೆದಿಟ್ಟಿದ್ದೀವಿ ಕಣಪ್ಪಾ. ನಡೆದು ಹೋದರೆ ಶಾಲೆಗೆ ಎಷ್ಟು ನಿಮಿಷ, ಅಡುಗೆ ಮಾಡಿಕೊಳ್ಳಬಹುದಾ, ತಿಂಗಳಿಗೆ ಎಷ್ಟು, ಅಷ್ಟೇ." ನಾವು ಗಾಡಿ ಹತ್ತಿ ಬರುವಾಗ ದಾರಿ ಉದ್ದಕ್ಕೂ ಅದನ್ನೇ ಯೋಚಿಸಿದೆವು. ನಮ್ಮ ಸಂಘದ ವೆಬ್‌ಸೈಟ್ ತೆರೆದರೆ ಮೊದಲು ಕಾಣ್ತಿದ್ದದ್ದು ಏನು? ಉದ್ಘಾಟನೆಯ ಫೋಟೋ, ಹಾರ ಹಾಕಿಕೊಂಡ ನಾವು! ಬೆಲ್ಲ ಎಲ್ಲಿ ಸಿಗುತ್ತೆ, ಸಂಘ ಎಷ್ಟು ಗಂಟೆಗೆ ತೆರೆಯುತ್ತೆ ಅನ್ನುವ ಮಾತೇ ಇರಲಿಲ್ಲ.

ಸದಸ್ಯರು ವರ್ಷವಿಡೀ ಕೇಳಿದ ಪ್ರಶ್ನೆಗಳನ್ನೇ ಇಟ್ಟುಕೊಂಡು ಮುಂದಿನದನ್ನು ಹೇಳ್ತೀವಿ.

ಮೊದಲನೇ ಪ್ರಶ್ನೆ: ಗೂಗಲ್‌ಗೆ ನಮ್ಮ ವಿಷಯ ಗೊತ್ತಾಗುವುದು ಹೇಗೆ?

ಹಿಂದೆ ಶಾನುಭೋಗರು ಇದ್ದರಲ್ಲ, ಹಾಗೆ ತಿಳಿಯಿರಿ. ಅವರು ಊರೂರು ತಿರುಗಿ ಯಾರ ಜಮೀನಿನಲ್ಲಿ ಏನು ಬೆಳೆ ಅಂತ ಪುಸ್ತಕದಲ್ಲಿ ಬರೆದುಕೊಳ್ತಿದ್ದರು. ಆಮೇಲೆ ಯಾರಾದರೂ ಕೇಳಿದರೆ ಹೊಲಕ್ಕೆ ಓಡುತ್ತಿರಲಿಲ್ಲ, ಪುಸ್ತಕ ತೆಗೆದು ನೋಡಿ ಹೇಳ್ತಿದ್ದರು. ಗೂಗಲ್‌ನ ಯಂತ್ರವೂ ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಲಿಂಕ್ ಹಿಡಿದು ತಿರುಗುತ್ತೆ, ಓದಿದ್ದನ್ನು ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತೆ, ಕೇಳಿದಾಗ ಪುಸ್ತಕ ನೋಡಿ ಯಾವುದು ಮೊದಲು ಯಾವುದು ಆಮೇಲೆ ಅಂತ ಸಾಲು ಹಚ್ಚುತ್ತೆ. ಪುಸ್ತಕದಲ್ಲೇ ಹೆಸರಿಲ್ಲದಿದ್ದರೆ ಸಾಲಿನಲ್ಲಿ ಎಲ್ಲಿಂದ ಬರಬೇಕು?

ನಮ್ಮ ಹೆಸರು ಇದೆಯೋ ಇಲ್ಲವೋ ನೋಡಲು ಒಂದು ಸುಲಭ ದಾರಿ ಇದೆ. ಗೂಗಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಸೈಟ್ ಅಂತ ಬರೆದು, ಮೇಲೊಂದು ಕೆಳಗೊಂದು ಎರಡು ಚುಕ್ಕಿ ಹಾಕಿ, ಜಾಗ ಬಿಡದೆ ನಮ್ಮ ವೆಬ್‌ಸೈಟ್ ವಿಳಾಸ ಹೊಡೆಯಬೇಕು. ಪುಸ್ತಕಕ್ಕೆ ಏರಿದ ಪುಟಗಳು ಬರುತ್ತವೆ. ನಾವು ಹೊಡೆದಾಗ ಒಂದೂ ಬರಲಿಲ್ಲ. ಕಾರಣ ನೋಡಿದರೆ, ವೆಬ್‌ಸೈಟ್ ಕಟ್ಟುವಾಗ "ಇನ್ನೂ ಕೆಲಸ ನಡೆದಿದೆ, ಹುಡುಕುವ ಯಂತ್ರಗಳು ಬರಬೇಡಿ" ಅಂತ ಒಂದು ಗುರುತು ಹಾಕಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಮರೆತಿದ್ದರು. ಮನೆ ಗೃಹಪ್ರವೇಶ ಆದಮೇಲೂ ಬಾಗಿಲಿಗೆ ಮುಳ್ಳು ಹೊಡೆದು ಇಟ್ಟ ಹಾಗೆ! ಆ ಒಂದು ಟಿಕ್ ತೆಗೆದೆವು. ಗೂಗಲ್‌ನವರದೇ ಸರ್ಚ್ ಕನ್ಸೋಲ್ ಅನ್ನುವ ಪುಕ್ಕಟೆ ಸೌಲಭ್ಯ ಇದೆ. ಅದರಲ್ಲಿ ಸಂಘದ ವಿಳಾಸ ದಾಖಲಿಸಿ, ಪುಟಗಳ ಪಟ್ಟಿ ಕೊಟ್ಟೆವು. ಯಾವ ಪುಟ ಏರಿದೆ, ಯಾವುದು ಏರಿಲ್ಲ, ಜನ ಯಾವ ಮಾತು ಹೊಡೆದು ನಮ್ಮಲ್ಲಿಗೆ ಬಂದರು ಅನ್ನುವುದೆಲ್ಲ ಅಲ್ಲೇ ಕಾಣುತ್ತೆ.

ಎರಡನೇ ಪ್ರಶ್ನೆ: ಕನ್ನಡದಲ್ಲಿ ಅಷ್ಟೊಂದು ಬರೆದಿದ್ದರೂ ಕನ್ನಡದಲ್ಲಿ ಹುಡುಕಿದರೆ ಯಾಕೆ ಸಿಗಲಿಲ್ಲ?

ಇದು ನಮ್ಮ ಎಷ್ಟೋ ಸಂಘಗಳ ಕಷ್ಟ. ನಮ್ಮ ಪುಟಗಳಲ್ಲಿ ಅರ್ಧ ಕರಪತ್ರದ ಫೋಟೋ. ಫೋಟೋದೊಳಗಿನ ಅಕ್ಷರವನ್ನು ಯಂತ್ರ ಓದೀತು ಅಂತ ನೆಚ್ಚಿಕೊಂಡು ಕೂರಲಾಗದು. ಇನ್ನರ್ಧ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ಪಿ.ಡಿ.ಎಫ್. ನುಡಿ, ಬರಹ ತಂತ್ರಾಂಶಗಳಿಂದ ಕನ್ನಡಕ್ಕೆ ಆದ ಉಪಕಾರ ದೊಡ್ಡದು. ಆದರೆ ಅವುಗಳ ಹಳೇ ಫಾಂಟ್‌ಗಳಲ್ಲಿ ಕಂಪ್ಯೂಟರ್ ಒಳಗೆ ಇರುತ್ತಿದ್ದದ್ದು ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ. ಮೇಲೆ ಕನ್ನಡದ ವೇಷ ತೊಡಿಸಿರುತ್ತಿದ್ದರು. ನಮಗೆ ವೇಷ ಕಾಣುತ್ತೆ, ಗೂಗಲ್‌ಗೆ ಒಳಗಿನ ಆಸಾಮಿ ಕಾಣುತ್ತಾನೆ! ಯೂನಿಕೋಡ್‌ನಲ್ಲಿ ಬರೆದರೆ ಒಳಗೂ ಕನ್ನಡ, ಹೊರಗೂ ಕನ್ನಡ. ನುಡಿ, ಬರಹ ಎರಡರಲ್ಲೂ ಈಗ ಯೂನಿಕೋಡ್ ಇದೆ, ಮೊಬೈಲಿನಲ್ಲಿ ಹೊಡೆಯುವುದಂತೂ ಯೂನಿಕೋಡೇ.

ಪರೀಕ್ಷೆ ಸುಲಭ. ವೆಬ್‌ಸೈಟಿನ ಒಂದು ಸಾಲನ್ನು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಹಾಕಿ. ಕನ್ನಡವಾಗಿ ಬಂದರೆ ಸರಿ. ಗೊಂಬೆ ಗೊಂಬೆ ಅಕ್ಷರ ಬಂದರೆ ಅದು ಗೂಗಲ್‌ಗೂ ಗೊಂಬೆಯೇ. ನಾವು ಪರೀಕ್ಷಿಸಿದಾಗ ಹನ್ನೆರಡು ಪುಟದಲ್ಲಿ ಒಂಬತ್ತು ಪುಟ ಗೊಂಬೆ. ಸಂಘದ ಇಬ್ಬರು ಸದಸ್ಯರ ಹೆಣ್ಣುಮಕ್ಕಳು, ಕಾಲೇಜಿಗೆ ಹೋಗುವವರು, ದಸರಾ ರಜೆಯಲ್ಲಿ ಕೂತು ಎಲ್ಲವನ್ನೂ ಮತ್ತೆ ಹೊಡೆದುಕೊಟ್ಟರು. ಆ ಮಕ್ಕಳಿಗೆ ಈ ವೇದಿಕೆಯಿಂದ ವಂದನೆ ಹೇಳ್ತೀವಿ.

ಮೂರನೇ ಪ್ರಶ್ನೆ: ಯಾವ ಮಾತು ಬರೆಯಬೇಕು?

ಗಿರಾಕಿಯ ಬಾಯಲ್ಲಿ ಬರುವ ಮಾತು. ನಮ್ಮ ಪುಟದ ತಲೆಬರಹದಲ್ಲಿ "ಸುಸ್ವಾಗತ" ಅಂತ ಇತ್ತು. ಸುಸ್ವಾಗತ ಅಂತ ಹುಡುಕುವವರು ಯಾರು? ಈಗ ಪ್ರತಿ ಪುಟಕ್ಕೂ ಬೇರೆ ಬೇರೆ ತಲೆಬರಹ ಕೊಟ್ಟು, ಏನು, ಯಾವ ಊರು, ಯಾವ ಸಂಘ ಅಂತ ಒಂದೇ ಸಾಲಿನಲ್ಲಿ ಬರೆದಿದ್ದೀವಿ. "ಉತ್ಪನ್ನಗಳು" ಅಂತಿದ್ದ ಜಾಗದಲ್ಲಿ "ಅಚ್ಚು ಬೆಲ್ಲ, ರಾಗಿ, ಎಳನೀರು" ಅಂತ ಬಂದಿದೆ.

ಊರಿನ ಹೆಸರಂತೂ ಬಹಳ ಮುಖ್ಯ. ಬರೀ ಗೋಕುಲಂ ಅಂತ ಹುಡುಕಿ ನೋಡಿ. ಕೇರಳದ ಫುಟ್‌ಬಾಲ್ ತಂಡ ಬರುತ್ತೆ, ಚಿಟ್ ಫಂಡ್ ಬರುತ್ತೆ. ಗೋಕುಲಂ ಜೊತೆ ಮೈಸೂರು ಅಂತ ಸೇರಿದರೆ ಮಾತ್ರ ನಮ್ಮ ಗೋಕುಲಂ. ನಮ್ಮ ಸಂಘದ ಹೆಸರಿಗೂ ಆದದ್ದು ಇದೇ. ದೇವರ ಹೆಸರಿನ ಸಂಘ ನಾಡಿನಲ್ಲಿ ನೂರಾರು. ಊರು, ಹೋಬಳಿ, ತಾಲ್ಲೂಕು, ಪಿನ್ ಕೋಡ್ ಎಲ್ಲವೂ ಪ್ರತಿ ಪುಟದ ಅಡಿಯಲ್ಲಿ ಇರಬೇಕು.

ಇನ್ನು ಕಾಗುಣಿತ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ನಮ್ಮದು ಯು ಆರ್ ಯು ಅಂತ ಮುಗಿಯುವ ಮೈಸೂರು. ಆದರೆ ಹೊರದೇಶದವರು ಈಗಲೂ ಓ ಆರ್ ಇ ಅಂತ ಮುಗಿಯುವ ಹಳೇ ಹೆಸರನ್ನೇ ಹೊಡೆಯುತ್ತಾರೆ, ಯಾಕೆಂದರೆ ಅವರ ಯೋಗದ ಹೆಸರೇ ಹಾಗಿದೆ. ಮೈಸೂರಿನಂಥ ದೊಡ್ಡ ಊರಿನ ಎರಡು ಹೆಸರೂ ಒಂದೇ ಅಂತ ಗೂಗಲ್‌ಗೆ ಗೊತ್ತು. ನಮ್ಮಂಥ ಸಣ್ಣ ಊರಿಗೆ ಆ ಭಾಗ್ಯ ಇಲ್ಲ. ಬಸ್ಸಿನ ಬೋರ್ಡಿನಲ್ಲಿ ಒಂದು, ಶಾಲೆಯ ಬೋರ್ಡಿನಲ್ಲಿ ಇನ್ನೊಂದು ಕಾಗುಣಿತ. ಆದ್ದರಿಂದ ಕನ್ನಡದಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ರೂಢಿಯಲ್ಲಿರುವ ಎರಡು ರೂಪದಲ್ಲಿ ಒಮ್ಮೊಮ್ಮೆ ಬರೆದಿದ್ದೀವಿ. ಅಷ್ಟು ಸಾಕು. ಒಂದೇ ಮಾತನ್ನು ಐವತ್ತು ಸಲ ತುರುಕಿದರೆ ಗೂಗಲ್ ಅದನ್ನು ಮೋಸ ಅಂತ ತಿಳಿದು ಹಿಂದಕ್ಕೆ ತಳ್ಳುತ್ತೆ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. "ನಂಜನಗೂಡು ರಸಬಾಳೆ ಅಂತ ಹಾಕಿ, ಜನ ಅದನ್ನೇ ಹುಡುಕ್ತಾರೆ" ಅಂತ ನಮ್ಮಲ್ಲೇ ಸಲಹೆ ಬಂತು. ಒಂದು ಗಳಿಗೆ ಮನಸ್ಸು ಜಾರಿತು. ಆದರೆ ನಾವು ಬೆಳೆಯುವುದು ಏಲಕ್ಕಿ ಬಾಳೆ. ರಸಬಾಳೆ ನಂಜನಗೂಡು ಸೀಮೆಯ ರೈತರು ರೋಗದ ಜೊತೆ ಗುದ್ದಾಡಿ ಉಳಿಸಿಕೊಂಡ ತಳಿ, ಭೌಗೋಳಿಕ ಗುರುತು ಪಡೆದದ್ದು. ಇನ್ನೊಬ್ಬ ರೈತನ ಹೆಸರು ಕದ್ದು ಗಿರಾಕಿ ಕರೆಯುವುದು ಸಹಕಾರವಲ್ಲ. ಏಲಕ್ಕಿ ಬಾಳೆ ಅಂತಲೇ ಬರೆದೆವು.

ನಾಲ್ಕನೇ ಪ್ರಶ್ನೆ: ದುಡ್ಡು ಕೊಟ್ಟರೆ ಮೊದಲ ಸ್ಥಾನ ಸಿಗುತ್ತಂತಲ್ಲ?

ಆ ಹದಿನೆಂಟು ಸಾವಿರದ ಕಥೆ ಇದೇ. ಒಬ್ಬರು ಬಂದು, "ಆರು ವಾರದಲ್ಲಿ ನಿಮ್ಮನ್ನು ಗೂಗಲ್‌ನಲ್ಲಿ ನಂಬರ್ ಒನ್ ಮಾಡ್ತೀವಿ, ಗ್ಯಾರಂಟಿ" ಅಂದರು. ನಾವು ಒಪ್ಪಿ ಠರಾವು ಮಾಡಿದೆವು. ತಪ್ಪು ನಮ್ಮದೇ. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾಗದು ಅಂತ ಗೂಗಲ್‌ನವರೇ ತಮ್ಮ ತಿಳುವಳಿಕೆ ಪುಟಗಳಲ್ಲಿ ಬರೆದಿದ್ದಾರೆ. ದುಡ್ಡು ಕೊಟ್ಟರೆ ಸಿಗುವುದು ಜಾಹೀರಾತು. ಅದಕ್ಕೆ ಪ್ರಾಯೋಜಿತ ಅನ್ನುವ ಗುರುತು ಇರುತ್ತೆ, ದುಡ್ಡು ನಿಂತ ದಿನ ಅದೂ ನಿಲ್ಲುತ್ತೆ. ಅದರ ಕೆಳಗಿನ ಸಾಲಿನಲ್ಲಿ ಜಾಗ ಮಾರಾಟಕ್ಕಿಲ್ಲ.

ಅವರು ಮಾಡಿದ್ದೇನು ಅಂತ ಆಮೇಲೆ ನೋಡಿದೆವು. ಪುಟದ ಹಿಂಬದಿಯಲ್ಲಿ ಕೀವರ್ಡ್ ಅನ್ನುವ ಪಟ್ಟಿಯಲ್ಲಿ ಇನ್ನೂರು ಮಾತು ತುಂಬಿದ್ದರು. ಆ ಪಟ್ಟಿಯನ್ನು ಸಾಲು ಹಚ್ಚಲು ಲೆಕ್ಕಕ್ಕೇ ಹಿಡಿಯುವುದಿಲ್ಲ ಅಂತ ಗೂಗಲ್ 2009ರಲ್ಲೇ ಸಾರಿದೆ. ಅಂದರೆ ಹೂತುಹೋದ ಬಾವಿಗೆ ಹೊಸ ಹಗ್ಗ ಮಾರಿದ್ದರು.

ಐದನೇ ಪ್ರಶ್ನೆ: ಲಿಂಕ್ ಅಂದರೇನು, ಅದು ಯಾಕೆ ಬೇಕು?

ಸಂಘದವರಿಗೆ ಇದು ಬೇಗ ಅರ್ಥವಾಗುತ್ತೆ. ಲಿಂಕ್ ಅಂದರೆ ಜಾಮೀನು. ಬೇರೊಬ್ಬರ ಪುಟದಲ್ಲಿ "ಇವರನ್ನು ನೋಡಿ" ಅಂತ ನಮ್ಮ ವಿಳಾಸ ಹಾಕಿದರೆ ಅವರು ನಮಗೆ ಜಾಮೀನು ನಿಂತ ಹಾಗೆ. ಲ್ಯಾರಿ ಪೇಜ್, ಸೆರ್ಗೆ ಬ್ರಿನ್ ಇಬ್ಬರೂ 1998ರಲ್ಲಿ ಗೂಗಲ್ ಕಟ್ಟಿದ್ದೇ ಈ ಯುಕ್ತಿಯ ಮೇಲೆ. ಸಾಲ ಕೊಡುವಾಗ ನಾವು ಜಾಮೀನುದಾರರ ತಲೆ ಎಣಿಸ್ತೀವಾ? ಇಲ್ಲ, ಯೋಗ್ಯತೆ ನೋಡ್ತೀವಿ. ಗೂಗಲ್ ಕೂಡ ಹಾಗೆಯೇ. ಊರು ಹೆಸರಿಲ್ಲದ ಐನೂರು ಪುಟದಿಂದ ಕೊಂಡ ಲಿಂಕ್‌ಗಿಂತ, ನಂಬಿಕಸ್ಥರೊಬ್ಬರು ತಾವಾಗಿ ಕೊಟ್ಟ ಒಂದು ಲಿಂಕ್ ಮೇಲು. ಕೊಂಡ ಜಾಮೀನಿನಿಂದ ಲಾಭವಿಲ್ಲದಿರುವುದು ಹಾಗಿರಲಿ, ಹಾನಿಯೂ ಉಂಟು.

ಗೋಕುಲಂನ ಯೋಗದ ಕಥೆಯೂ ಒಂದು ಜಾಮೀನಿನ ಕಥೆಯೇ. ಬೆಲ್ಜಿಯಂನ ಆಂದ್ರೆ ವಾನ್ ಲೈಸ್‌ಬೆತ್ ಅನ್ನುವವರು 1964ರಲ್ಲಿ ಮೈಸೂರಿಗೆ ಬಂದು ಪಟ್ಟಾಭಿ ಜೋಯಿಸರ ಹತ್ತಿರ ಕಲಿತು ಹೋದರು. ತಮ್ಮ ಪುಸ್ತಕದಲ್ಲಿ ಗುರುಗಳ ಹೆಸರು, ವಿಳಾಸ ಹಾಕಿದರು. ಅದನ್ನು ಓದಿ ಐರೋಪ್ಯರು ಮೈಸೂರು ಹುಡುಕಿಕೊಂಡು ಬರಲು ಶುರುವಾಯ್ತು. ಆಗ ಗೂಗಲ್ ಎಲ್ಲಿತ್ತು? ಕಲಿಸುವ ವಿದ್ಯೆ ಇತ್ತು, ನಂಬಿಕಸ್ಥರ ಮಾತಿತ್ತು, ಸರಿಯಾದ ವಿಳಾಸ ಇತ್ತು. ಈ ಮೂರೇ ಇವತ್ತಿಗೂ ಬೇಕಾದದ್ದು. ನಾವೂ ನಮ್ಮ ಬೆಲ್ಲ ಕೊಳ್ಳುವ ಎರಡು ಅಂಗಡಿಯವರನ್ನು ಕೇಳಿ, ಅವರ ಪುಟದಲ್ಲಿ ಸಂಘದ ಹೆಸರು ಹಾಕಿಸಿದೆವು.

ಆರನೇ ಪ್ರಶ್ನೆ: ಮ್ಯಾಪ್‌ನಲ್ಲಿ ಸಂಘ ಎಲ್ಲೋ ತೋರಿಸ್ತಿತ್ತಲ್ಲ?

ಇದು ಎಲ್ಲಕ್ಕಿಂತ ಗಂಭೀರವಾದದ್ದು, ದಯವಿಟ್ಟು ಗಮನ ಕೊಡಿ. ಗೂಗಲ್ ಮ್ಯಾಪ್‌ನಲ್ಲಿ ನಮ್ಮ ಸಂಘದ ಹೆಸರಿನ ಗುರುತು ಯಾರೋ ಹಾಕಿದ್ದರು. ಜಾಗ ತಪ್ಪು. ಫೋನ್ ನಂಬರೂ ನಮ್ಮದಲ್ಲ. ಸದಸ್ಯರ ಮನೆಯ ತಾಯಿಯೊಬ್ಬರು ಬೆಳೆ ಸಾಲ ಕೇಳಲು ಆ ನಂಬರಿಗೆ ಫೋನ್ ಮಾಡಿದರು. ಆ ಕಡೆಯವನು ಸಂಘದವನ ಹಾಗೇ ಮಾತಾಡಿ, "ಸಾಲ ಮಂಜೂರಾಗಿದೆ, ಮೊಬೈಲಿಗೆ ಬಂದ ಓಟಿಪಿ ಹೇಳಮ್ಮಾ" ಅಂದ. ಪಕ್ಕದಲ್ಲಿದ್ದ ಮಗಳು ಫೋನ್ ಕಿತ್ತುಕೊಂಡು ಕಟ್ ಮಾಡಿದ್ದರಿಂದ ಖಾತೆಯ ದುಡ್ಡು ಉಳಿಯಿತು. ನಾವು ಹೇಳಬೇಕಾದ ಜಾಗದಲ್ಲಿ ನಾವು ಹೇಳದಿದ್ದರೆ, ಆ ಜಾಗದಲ್ಲಿ ಕಳ್ಳ ಬಂದು ಕೂರ್ತಾನೆ. ಇದನ್ನು ಕಂಡ ಮೇಲೆ ವೆಬ್‌ಸೈಟ್ ಬೇಕೋ ಬೇಡವೋ ಅನ್ನುವ ಅನುಮಾನ ನಮಗೆ ಉಳಿಯಲಿಲ್ಲ.

ಮ್ಯಾಪ್‌ನಲ್ಲಿ ಸಂಘದ ವಿವರವನ್ನು ನಾವೇ ನಿಭಾಯಿಸಲು ಗೂಗಲ್ ಬಿಸಿನೆಸ್ ಪ್ರೊಫೈಲ್ ಅಂತ ಇದೆ. ಅದೂ ಪುಕ್ಕಟೆ. ನಾವೇ ಸಂಘದವರು ಅಂತ ಅವರಿಗೆ ಖಾತ್ರಿಪಡಿಸಿ, ಸರಿಯಾದ ಜಾಗ, ನಂಬರು, ವೇಳೆ, ವಾರದ ರಜೆ ಎಲ್ಲವನ್ನೂ ಹಾಕಿದೆವು. ಹೊರಗಿನವರೂ ತಿದ್ದುಪಡಿ ಸೂಚಿಸಬಹುದು, ಆದ್ದರಿಂದ ತಿಂಗಳಿಗೊಮ್ಮೆ ನೋಡುತ್ತಿರಬೇಕು. ಸದಸ್ಯರೂ ಒಂದು ನೆನಪಿಟ್ಟುಕೊಳ್ಳಿ: ಸಂಘದವರು ಯಾವತ್ತೂ ಓಟಿಪಿ ಕೇಳುವುದಿಲ್ಲ. ಮೋಸ ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಏಳನೇ ಪ್ರಶ್ನೆ: ವೆಬ್‌ಸೈಟಿನ ವಿಳಾಸ ಯಾಕೆ ಬದಲಾಯ್ತು?

ಡೊಮೇನ್ ಅಂದರೆ ವೆಬ್‌ಸೈಟಿನ ಹೆಸರು. ಅದು ಸೈಟಿನ ಖಾತೆ ಇದ್ದ ಹಾಗೆ. ವರ್ಷ ವರ್ಷ ಕಂದಾಯ ಕಟ್ಟಬೇಕು. ನಮ್ಮದು ಕಟ್ಟಿಕೊಟ್ಟವರ ಸ್ವಂತ ಹೆಸರಿನಲ್ಲಿತ್ತು. ಮನೆ ನಮ್ಮದು, ಖಾತೆ ಮೇಸ್ತ್ರಿಯದು! ಅವರು ಫೋನ್ ತೆಗೆಯುವುದನ್ನು ನಿಲ್ಲಿಸಿದರು, ಹೆಸರು ಕೈತಪ್ಪಿತು. ಹಳೇ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ಏರ್ಪಾಡು ಇದೆ, ಆದರೆ ಹಳೇದು ಕೈಯಲ್ಲಿದ್ದರೆ ತಾನೇ? ಹೊಸ ಹೆಸರಿನಿಂದ ಮತ್ತೆ ಮೊದಲಿಂದ ಶುರು ಮಾಡಬೇಕಾಯ್ತು. ಈಗ ಡೊಮೇನ್ ಸಂಘದ ಹೆಸರಿನಲ್ಲಿ, ಸಂಘದ ಇಮೇಲಿನಲ್ಲಿ ಇದೆ. ಪಾಸ್‌ವರ್ಡ್ ಅರಗು ಹಾಕಿದ ಲಕೋಟೆಯಲ್ಲಿ ತಿಜೋರಿಯಲ್ಲಿದೆ, ನವೀಕರಣದ ತಾರೀಖು ಠರಾವು ಪುಸ್ತಕದಲ್ಲಿದೆ. ಕಾರ್ಯದರ್ಶಿ ಬದಲಾದರೂ ಬೀಗದ ಕೈ ಸಂಘದಲ್ಲೇ ಇರುತ್ತೆ.

ಕೊನೆಯದಾಗಿ, ಎಷ್ಟು ದಿನದಲ್ಲಿ ಫಲ?

ತೆಂಗು ನೆಟ್ಟ ಮಾರನೇ ದಿನ ಕಾಯಿ ಕೇಳಬಾರದು. ನಮಗೆ ವ್ಯತ್ಯಾಸ ಕಂಡದ್ದು ನಾಲ್ಕು ತಿಂಗಳ ಮೇಲೆ. ಭಾರದ ಫೋಟೋ ತೆಗೆದು, ಹಳ್ಳಿಯ ನೆಟ್‌ವರ್ಕ್‌ನಲ್ಲೂ ಮೊಬೈಲಿನಲ್ಲಿ ಬೇಗ ತೆರೆಯುವ ಹಾಗೆ ಪುಟ ಹಗುರ ಮಾಡಿದ್ದೂ ಸಹಾಯಕ್ಕೆ ಬಂತು. ಈಗ ಸಂಘದ ಹೆಸರು, ಊರು ಹೊಡೆದರೆ ನಮ್ಮದೇ ಮೊದಲು ಬರುತ್ತೆ. ಬರೀ ಬೆಲ್ಲ ಅಂತ ಹೊಡೆದರೆ ನಾವು ಎಲ್ಲೂ ಇಲ್ಲ, ಇರುವುದೂ ಕಷ್ಟ. ದೊಡ್ಡ ದೊಡ್ಡ ಕಂಪನಿಗಳು ಅಲ್ಲಿ ಕೂತಿವೆ. ನಮಗೆ ಪ್ರಪಂಚ ಬೇಡ, ಗೋಕುಲಂ, ಒಂಟಿಕೊಪ್ಪಲು, ನಮ್ಮ ಹೋಬಳಿ ಸಾಕು. ಅಲ್ಲಿನ ಹನ್ನೊಂದು ಮನೆಯವರು ವೆಬ್‌ಸೈಟ್ ನೋಡಿ ಫೋನ್ ಮಾಡಿ ಗಿರಾಕಿಗಳಾಗಿದ್ದಾರೆ. 2024ರಿಂದ ನಮ್ಮ ದೇಶದಲ್ಲೂ ಗೂಗಲ್ ಕೆಲವು ಪ್ರಶ್ನೆಗೆ ತಾನೇ ಉತ್ತರ ಬರೆದು ಮೇಲೆ ತೋರಿಸುತ್ತಿದೆ. ಆ ಉತ್ತರಕ್ಕೂ ಆಧಾರ ಯಾರೋ ಬರೆದಿಟ್ಟ ಪುಟಗಳೇ. ಅದರಲ್ಲಿ ನಮ್ಮ ವಿಷಯ ಸರಿಯಾಗಿ ಬರಬೇಕಾದರೆ ಮೊದಲು ನಾವು ಸರಿಯಾಗಿ ಬರೆದಿಟ್ಟಿರಬೇಕು.

ಹಿರಿಯರು ಕೇಳಿದ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು. ಹದಿನೆಂಟು ಸಾವಿರ ಹೋದದ್ದು ಹೋಯ್ತು. ಅದರಿಂದ ಒಂದಚ್ಚು ಬೆಲ್ಲವೂ ಮಾರಾಟ ಆಗಲಿಲ್ಲ, ಆ ಹೊಣೆ ಆಡಳಿತ ಮಂಡಳಿಯದು. ಈ ವರ್ಷ ಆದ ಖರ್ಚು ಡೊಮೇನ್‌ಗೂ ಜಾಗದ ಬಾಡಿಗೆಗೂ ಸೇರಿ ಮೂರು ಮೂಟೆ ಡಿ.ಎ.ಪಿ. ಗೊಬ್ಬರದ ಬೆಲೆಯೊಳಗೆ ಇದೆ. ಉಳಿದದ್ದೆಲ್ಲ ನಮ್ಮ ಮಕ್ಕಳ ದುಡಿಮೆ. ವೆಬ್‌ಸೈಟ್ ಮುಂದುವರಿಸಬೇಕೋ ಮುಚ್ಚಬೇಕೋ ಅಂತ ಠರಾವು ಇವತ್ತು ತಮ್ಮ ಮುಂದೆ ಬರುತ್ತೆ. ತಮ್ಮ ತೀರ್ಮಾನಕ್ಕೆ ನಾವು ಬದ್ಧರು. ಕೈ ಎತ್ತುವ ಮೊದಲು ಆ ತಪ್ಪು ನಂಬರಿಗೆ ಫೋನ್ ಮಾಡಿದ ತಾಯಿಯನ್ನು ಒಮ್ಮೆ ನೆನೆಯಿರಿ ಅಂತ ಮಾತ್ರ ಕೇಳಿಕೊಳ್ತೀವಿ.